ಅಂಗಡಿಯ ಒಂದೇ ಬೀಗದ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಸ್ತ್ರಿ ಅಂಗಡಿಯ ಒಡತಿ ತನ್ನದೇ ಅಂಗಡಿಯ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದಾರೆ. ಒಳಗೆ ನರ್ಸುಗಳ ಸಮವಸ್ತ್ರಗಳು ರಾಶಿ ಬಿದ್ದಿವೆ. ಬೆಳಗಿನ ಪಾಳಿಗೆ ಮುಂಚೆ ಗರಿಗರಿಯಾಗಿ ಆಸ್ಪತ್ರೆ ಸೇರಬೇಕು. ಬಾಗಿಲಿಗೆ ಬೀಗ. ಬೀಗದ ಕೈ ಇರುವುದು ಕೆಲಸದ ಹುಡುಗಿಯ ಬಳಿ, ಅವಳಿನ್ನೂ ಬಂದಿಲ್ಲ.

ಬಟ್ಟೆ ಒಯ್ಯಲು ವ್ಯಾನು ತಂದಿರುವವನು ಒಡತಿಯ ಸ್ವಂತ ತಮ್ಮ. ನಿಂತಲ್ಲಿ ನಿಲ್ಲಲಾರ.

"ಅಕ್ಕ, ಬೀಗ ಒಡೆದುಬಿಡ್ಲಾ?"

"ಸುಮ್ನೆ ಕೂತ್ಕೊಳೋ. ನಿನಗೋಸ್ಕರ ಕಾದಷ್ಟು ಇನ್ನೂ ಕಾದಿಲ್ಲ."

ತಮ್ಮ ನಕ್ಕು ತಲೆ ಕೆರೆದುಕೊಳ್ಳುತ್ತಾನೆ.

ಬೀದಿಗೆಲ್ಲ ಇವರು 'ಇಸ್ತ್ರಿ ಅಕ್ಕ'. ಅಂಗಡಿಗಿರುವುದು ಒಂದೇ ಬೀಗದ ಕೈ. ಬದುಕಿನಲ್ಲಿ ಆಸೆ ಬತ್ತಿ ಕೋಣೆ ಸೇರಿದ ಯಾವುದಾದರೂ ಹುಡುಗನೋ ಹುಡುಗಿಯೋ ಇಲ್ಲಿ ಕೆಲಸಕ್ಕೆ ಸೇರಿ ಅದನ್ನು ಇಟ್ಟುಕೊಂಡಿರುತ್ತಾರೆ. ಹಾಗೆ ಬಂದು, ಚೇತರಿಸಿಕೊಂಡು, ತಮ್ಮ ದಾರಿ ಹಿಡಿದವರು ಏಳು ಮಂದಿ. "ಇಂಥ ಯಜಮಾನೀನ ಎಲ್ಲೂ ನೋಡಿಲ್ಲಪ್ಪ, ಕೀ ಕೊಟ್ಟು ಬೀದೀಲಿ ಕೂರ್ತಾರೆ" ಎಂದು ಪಕ್ಕದ ಟೀ ಅಂಗಡಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುತ್ತಲೇ ಅಕ್ಕನಿಗೊಂದು ಲೋಟ ಟೀ ಕಳಿಸುತ್ತಾರೆ.

ಕೀ ಕೊಟ್ಟು ಕಾಯುವ ಈ ಪಾಠ ಕಲಿಸಿದವನು ವ್ಯಾನಿನ ತಮ್ಮನೇ. ಇಪ್ಪತ್ತೆರಡಕ್ಕೆ ಓದು ಬಿಟ್ಟು ಗೋಡೆಗೆ ಮುಖ ಹಾಕಿ ಮಲಗಿದವನನ್ನು ಅಕ್ಕ ಅಂಗೈಯಲ್ಲಿಟ್ಟು ನೋಡಿಕೊಂಡರು. ಹುಲ್ಲುಕಡ್ಡಿ ಎತ್ತಿಡಲೂ ಬಿಡಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬುದು ಪ್ರೀತಿಗೂ ಸಲ್ಲುತ್ತದೆ.

"ಉಂಡ ತಟ್ಟೇನೂ ನಾನೇ ತೊಳೀತಿದ್ದೆ. ಒಂದಿನ ಅಂದ, 'ನಾನಿಲ್ದೇ ಹೋದ್ರೆ ಈ ಮನೇಲಿ ಯಾವ ಕೆಲಸಾನೂ ನಿಲ್ಲಲ್ಲ ಅಲ್ವಾ ಅಕ್ಕ?' ಅವತ್ತೇ ಡಾಕ್ಟರ ಹತ್ರ ಎಳ್ಕೊಂಡು ಹೋದೆ. ಬಂದ ಮೇಲೆ ಅಂಗಡಿ ಕೀ ಅವನ ಕೈಗಿಟ್ಟೆ."

ಈಗಲೂ ಡಾಕ್ಟರ ಚಿಕಿತ್ಸೆ ಬಿಟ್ಟು ಬಂದವರಿಗೆ ಇಲ್ಲಿ ಕೆಲಸವಿಲ್ಲ. "ಔಷಧಿ ಅವರದ್ದು. ನಾನು ಕೊಡೋದು ಬೆಳಗ್ಗೆ ಏಳೋಕೆ ಒಂದು ನೆಪ, ಅಷ್ಟೇ."

ನೆಪ ಎಲ್ಲ ದಿನವೂ ಸಾಲುವುದಿಲ್ಲ. ಹೋದ ತಿಂಗಳು ಈ ಹುಡುಗಿ ಬರಲೇ ಇಲ್ಲ. ಅಕ್ಕ ಬೀಗ ಒಡೆಯಲಿಲ್ಲ. ನರ್ಸುಗಳು ಹಿಂದಿನ ದಿನದ ಬಟ್ಟೆಯಲ್ಲೇ ಪಾಳಿ ಮುಗಿಸಿದರು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದಿತು ಆಸ್ಪತ್ರೆ. ಅಕ್ಕ ಹುಡುಗಿಯ ಮನೆಗೆ ಹೋಗಿ, ಮುಚ್ಚಿದ ಕೋಣೆಯ ಹೊರಗೆ ನಿಂತು ಹೇಳಿದ್ದು ಇಷ್ಟೇ: "ಬೈಯೋಕೆ ಬಂದಿಲ್ಲ ಕಣಮ್ಮ. ನಾಳೆ ಬೇಗ ಬಾ, ಎರಡು ದಿನದ ಬಟ್ಟೆ ಇದೆ."

ಇಂದು ತಮ್ಮ ಮತ್ತೆ ಮತ್ತೆ ರಸ್ತೆಯ ತಿರುವನ್ನು ನೋಡುತ್ತಿದ್ದಾನೆ. ಅಕ್ಕನೂ ಶಾಲು ಬಿಗಿ ಮಾಡಿಕೊಂಡು ಅತ್ತಲೇ ಕಣ್ಣಿಟ್ಟಿದ್ದಾರೆ. ಕೊನೆಗೆ, ಬಾಚದ ತಲೆ, ಊದಿದ ಕಣ್ಣು, ಏದುಸಿರು ಬಿಡುತ್ತಾ ಹುಡುಗಿ ಓಡಿ ಬರುತ್ತಾಳೆ.

"ಇವತ್ತು ಏಳೋದೇ ಬೇಡ ಅನ್ನಿಸಿತ್ತು ಅಕ್ಕ. ಆಮೇಲೆ, ನೀವು ಚಳೀಲಿ ಹೊರಗೆ ಕೂತಿರ್ತೀರಲ್ಲ ಅಂತ…"

"ಕೂತಿದ್ದೆ. ಕಾಲು ಜೋಮು ಹಿಡಿದಿದೆ, ಕೈ ಕೊಡು."

ಹುಡುಗಿ ಅಕ್ಕನನ್ನು ಎಬ್ಬಿಸಿ, ಬೀಗ ತೆಗೆದು, ಇಸ್ತ್ರಿಪೆಟ್ಟಿಗೆ ಕಾಯಲಿಡುತ್ತಾಳೆ. ತಮ್ಮ ಬಟ್ಟೆಯ ಗಂಟು ಬಿಚ್ಚುತ್ತಾನೆ. ಈ ಹುಡುಗಿಯ ಬಗ್ಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಒಳಗೆ ಇಣುಕಿ, ದನಿ ತಗ್ಗಿಸುತ್ತಾರೆ.

"ಒಂದಿನ ಇವಳು ಬಂದು, 'ಅಕ್ಕ, ನಂಗೆ ಬೇರೆ ಕಡೆ ಕೆಲಸ ಇದೆ, ನಿಮ್ಮ ಕೀ ನೀವೇ ಇಟ್ಕೊಳ್ಳಿ' ಅನ್ಬೇಕು. ತಿರುಗಿ ಕೂಡ ನೋಡ್ದೆ ಹೋಗ್ಬೇಕು."