ನಾಲ್ಕೂ ಮೂಲೆ ಹೋದ ಬಿಸ್ಕತ್ತು

ಇವತ್ತು ಬೆಳಿಗ್ಗೆ ನಮ್ಮ ಹೊಸ ಸೊಸೆಯ ಕೈಯಿಂದ ಬಿಸ್ಕತ್ತಿನ ಡಬ್ಬ ಜಾರಿ ಬಿತ್ತು. ನೆಂಟರು ಬರುತ್ತಾರೆಂದು ಬಂಗಾರಪೇಟೆಯ ಬೇಕರಿಯಿಂದ ನಾನೇ ಆರಿಸಿ ತಂದ ಬೆಣ್ಣೆ ಬಿಸ್ಕತ್ತು. ಬಯ್ಯುವ ವಿದ್ಯೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಬೇಕಾದರೆ ಅಕ್ಕಪಕ್ಕದವರನ್ನು ಕೇಳಿ. ಬಾಯಿ ತೆರೆದೆ. ಅಷ್ಟರಲ್ಲಿ ಬೆಣ್ಣೆಯ ವಾಸನೆ ಮೂಗಿಗೆ ಬಡಿಯಿತು, ತೆರೆದ ಬಾಯಿ ಹಾಗೆಯೇ ಉಳಿಯಿತು.

ಆ ವಾಸನೆ ನನ್ನ ಅತ್ತೆಯದು. ಅರವತ್ತರ ದಶಕದ ಮೊದಮೊದಲು ಬೇತಮಂಗಲದ ಕಡೆಯ ಹಳ್ಳಿಯಿಂದ ನಾನು ಚಿನ್ನದ ಗಣಿಯ ಊರಿಗಾಮಿಗೆ ಸೊಸೆಯಾಗಿ ಬಂದಾಗ, ಅತ್ತೆ ಗಣಿಯ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಓದು ಬಾರದವರು, ಆದರೆ ಬಡಗಿಯ ಅಡಿಪಟ್ಟಿಯೊಂದನ್ನು ತೊಳೆದು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದರು. ಮೈದಾ, ಬೆಣ್ಣೆ, ಸಕ್ಕರೆ ಕಲಸಿ, ಹಲಗೆಯ ಮೇಲೆ ತಟ್ಟಿ, ತಣ್ಣಗೆ ಗಟ್ಟಿಯಾಗಲು ಬಿಟ್ಟು, ಆಮೇಲೆ ಪಟ್ಟಿ ಇಟ್ಟು ಕತ್ತರಿಸುವರು. "ಚಾಕು ಎಳೀಬ್ಯಾಡ, ನೆಟ್ಟಗೆ ಒತ್ತು. ಎಳುದ್ರೆ ಅಂಚು ಅರೀತದೆ" ಎನ್ನುವರು. ಕೊನೆಗೆ ಮುಳ್ಳುಚಮಚದಿಂದ ರಂಗೋಲಿಯ ಚುಕ್ಕಿ. ಒಂದು ಚುಕ್ಕಿಯೂ ಸಾಲು ತಪ್ಪುತ್ತಿರಲಿಲ್ಲ. ನನ್ನ ರಂಗೋಲಿಯೋ, ನೆಲದ ಮೇಲೂ ಕೋಳಿ ಕೆದಕಿದ ಹಾಗಿರುತ್ತಿತ್ತು.

ಆ ವರ್ಷ ಬಂಗಲೆಗೆ ಹೊಸ ಅಧಿಕಾರಿಯ ಜೊತೆ ಹೊಸ ಅಮ್ಮಾವ್ರು ಬಂದರು. ಬೆಂಗಳೂರಿನಿಂದ ಬೇರೆ ಅಡುಗೆಯವನನ್ನು ಕರೆಸುವ ಯೋಚನೆ ಅವರದು. ಶನಿವಾರ ಇಪ್ಪತ್ತು ಜನಕ್ಕೆ ಟೀ, ಅದು ಹೇಗಾಗುತ್ತದೋ ನೋಡಿ ಅತ್ತೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಎಂದರು. ಹತ್ತು ವರ್ಷ ಆಳಿದ ಅಡುಗೆಮನೆ. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಶನಿವಾರ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಮ್ಮಾವ್ರು ಅಳೆದು ಕೊಟ್ಟ ಬೆಣ್ಣೆಗೆ ಸರಿಯಾಗಿ ಇಪ್ಪತ್ತು ಚೌಕ ಬಂದವು, ಚೂರೂ ಉಳಿಯಲಿಲ್ಲ. ಬೇಯಿಸುವ ತಟ್ಟೆಗೆ ಜೋಡಿಸಿ, ಒಲೆ ನೋಡಿಕೊಳ್ಳಲು ನನಗೆ ಹೇಳಿ, ಅತ್ತೆ ವರಾಂಡಕ್ಕೆ ಹೋದರು. ನಮ್ಮ ಹಳ್ಳಿಯಲ್ಲಿ ಹಬ್ಬದ ದಿನ ಏನು ಬೇಯಿಸಿದರೂ ಮೊದಲ ಚೂರು ಬೆಂಕಿಗೆ. ಇಂಥ ದಿನ ಒಲೆಯನ್ನು ಉಪವಾಸ ಇಡುವುದೇ? ಭಕ್ತಿಯಿಂದ ಒಂದು ಹಸಿ ಚೌಕದ ಮೂಲೆ ಮುರಿದು ಒಲೆಗೆ ಹಾಕಿ ಕೈಮುಗಿದೆ. ಕಣ್ಣು ಬಿಟ್ಟಾಗಲೇ ತಿಳಿದದ್ದು, ನಾನು ಮಾಡಿದ್ದೇನೆಂದು.

ಅತ್ತೆ ಬಂದು ನೋಡಿದರು.

"ಒಲೆಗೆ ಆಕ್ದೇನಮ್ಮಣ್ಣಿ?"

ತಲೆಯಾಡಿಸಿದೆ. ಬಯ್ಯಲು ಬಾಯಿ ತೆರೆದ ಅತ್ತೆ ಅದನ್ನು ಮುಚ್ಚಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಓಗ್ಲಿ ಬಿಡು, ನನ್ಗೋಸ್ಕರಾನೇ ಆಕಿದ್ದೀಯ. ಒಂದು ಮೂಲೆ ಓದ್ರೆ ಸೊಟ್ಟ, ನಾಲ್ಕೂ ಓದ್ರೆ ಸೊಗಸು. ಪಟ್ಟಿ ತತ್ತಾ."

ಇಪ್ಪತ್ತು ಬಿಸ್ಕತ್ತಿಗೆ ಎಂಬತ್ತು ಮೂಲೆ. ಒಂದೊಂದನ್ನೂ ಅಳೆದು, ಒತ್ತಿ ತೆಗೆದರು. ಪ್ರತಿಯೊಂದಕ್ಕೂ ಎಂಟು ಅಂಚು, ಎಂಟೂ ಗೆರೆ ಎಳೆದ ಹಾಗೆ ನೇರ. ಅಂಥ ಕೈಯನ್ನು ನಾನು ಮತ್ತೆ ನೋಡಿಲ್ಲ.

ಟೀ ಮುಗಿದ ಮೇಲೆ ಅಮ್ಮಾವ್ರು ಒಳಗೆ ಬಂದು, ಈ ಆಕಾರ ಎಲ್ಲಿ ಕಲಿತೆ ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿ, "ನಮ್ ಸೊಸೆ ಕಲ್ಸಿದ್ದು ಅಮ್ಮಾ" ಎಂದುಬಿಟ್ಟರು. ಅಡುಗೆಮನೆ ಅತ್ತೆಗೇ ಉಳಿಯಿತು. ಬೇಯಿಸಿದ ಆ ಚೂರು ಮೂಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ದಾರಿಯುದ್ದಕ್ಕೂ ತಿಂದೆವು. ನನಗೆ ಅಳು ಬಂದಿತ್ತು, ಬಾಯಿ ತುಂಬ ಬಿಸ್ಕತ್ತು ಇದ್ದದ್ದರಿಂದ ಅಳಲಾಗಲಿಲ್ಲ.

ಇಷ್ಟು ವರ್ಷವೂ ಅತ್ತೆಯ ನೇರ ಅಂಚನ್ನು ಊರಿಗೆಲ್ಲ ಹೊಗಳಿದ್ದೇನೆ. ಅವರು ಅಂದು ನುಂಗಿಕೊಂಡ ಬೈಗುಳ ಮಾತ್ರ ಈವರೆಗೆ ನೆನಪಿಗೆ ಬಂದಿರಲಿಲ್ಲ.

ಸೊಸೆ ಇನ್ನೂ ಡಬ್ಬ ಹಿಡಿದು ನಿಂತಿದ್ದಳು. "ಕೆಲವುಕ್ಕೆ ಮೂಲೆ ಓಗೈತೆ, ಅತ್ತೆ" ಎಂದಳು.

"ನಾಲ್ಕೂ ಓಗ್ಲಿ. ಚಾಕು ತಾ, ಕೂತ್ಕೋ" ಎಂದೆ.

ಬೆಂದ ಬಿಸ್ಕತ್ತು ಚಾಕುವಿನ ಮಾತು ಕೇಳುತ್ತದೆಯೇ? ನಾನು ಒತ್ತಿದ ಮೊದಲನೆಯದು ಪುಡಿಪುಡಿಯಾಯಿತು. ಇಬ್ಬರೂ ತಿಂದೆವು. ಎರಡನೆಯದೂ ಹಾಗೆಯೇ ಆಯಿತು, ಸೊಸೆ ನಕ್ಕುಬಿಟ್ಟಳು. ಈ ಮನೆಗೆ ಬಂದ ಮೇಲೆ ಅವಳು ನನ್ನ ಮುಂದೆ ನಕ್ಕದ್ದು ಇವತ್ತೇ ಮೊದಲು.