ಅಜ್ಜಿ ಬಿಟ್ಟ ಗೆಜ್ಜೆ

ಕಮಲಾಪುರದ ಗುಂಡಣ್ಣನಿಗೆ ಒಂದು ಹುಚ್ಚಿತ್ತು. ಎಂಥ ಹುಚ್ಚೆಂದು ಹೇಳಿದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ, ಅವನ ಹೆಂಡತಿ ಬಂಡೆಮ್ಮ ಮೂವತ್ತು ವರ್ಷದಿಂದ ನಗುತ್ತಲೇ ಬಂದಿದ್ದಾಳೆ. ದಿನಾ ಎಂಟರ ಬಸ್ಸಿಗೆ ಕಲಬುರಗಿಗೆ ಹೋಗಿ, ಶರಣಬಸವೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ ಅಂಗೈಯಗಲದ ಅಂಗಡಿ ತೆರೆದು ಹಾರ್ಮೋನಿಯಂ ರಿಪೇರಿ ಮಾಡುವ ಈ ಮನುಷ್ಯ ಜೀವ ಇಟ್ಟಿದ್ದು ಯಾವುದೋ ಶೀತದೇಶದ ಪಿಯಾನೋ ಬಾರಿಸುವ ಹೆಂಗಸಿನ ಮೇಲೆ! ಆಕೆಯ ಹೆಸರಿಗೆ ಅವನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಮೊದಲು, ದೊಡ್ಡ ಗಾಯಕಿಯರನ್ನು ಕರೆಯುವಂತೆ, 'ನಮ್ಮ ಬಾಯಿ' ಎನ್ನುತ್ತಿದ್ದ. ಆಕೆಯ ಬೆಳ್ಳಗಾದ ಕೂದಲು ಕಂಡ ಮೇಲೆ 'ಅಜ್ಜಿ' ಎನ್ನತೊಡಗಿದ.

ಇದು ಹತ್ತಿದ್ದು ಹೀಗೆ. ಮೂವತ್ತು ವರ್ಷದ ಹಿಂದೆ ಒಂದು ಶಾಲೆಯವರು ಇಲಿ ಕಡಿದ ಹಳೆಯ ಪಿಯಾನೋ ನೋಡಲು ಅವನನ್ನು ಕರೆಸಿದ್ದರು. ಹಾರ್ಮೋನಿಯಂ ಪೇಟಿ ಬಿಚ್ಚುವವನು ಪಿಯಾನೋ ಬಿಚ್ಚಲಾರನೇ ಎಂಬ ಧೈರ್ಯ ಅವರದು, ಬಿಚ್ಚಿಯೇ ನೋಡೋಣ ಎಂಬ ಭಂಡತನ ಇವನದು. ಹೇಗೋ ಸ್ವರ ಕೂಡಿಸಿಕೊಟ್ಟ. ಸಂಗೀತದ ಟೀಚರು ಖುಷಿಯಾಗಿ ಒಂದು ಕ್ಯಾಸೆಟ್ ಕೈಗಿಟ್ಟರು. ಅದರೊಳಗೆ ಆ ಬಾಯಿ ಬಾರಿಸಿದ ಕಾನ್ಚೆರ್ಟೊ ಇತ್ತು.

"ಕಾನ್ಚೆರ್ಟೊ ಅಂದ್ರ ಏನು ತಿಳ್ಕೊಂಡೀರಿ?" ಎಂದು ಅಂಗಡಿಗೆ ಬಂದವರನ್ನು ಹಿಡಿದು ಕೂಡಿಸಿ ಹೇಳುತ್ತಿದ್ದ. "ಒಂದ್ ಕಡಿ ಎಂಬತ್ತು ಮಂದಿ. ಪಿಟೀಲು, ಪೀಪಿ, ನಗಾರಿ. ಇನ್ನೊಂದ್ ಕಡಿ ಈಕಿ ಒಬ್ಬಾಕಿ. ಎಂಬತ್ತೂ ಮಂದಿ ಒಮ್ಮೆಲೆ ಏರಿ ಬರ್ತಾರ. ಈಕಿ ಜಗ್ಗೂದಿಲ್ಲ. ಕಡೀಕ ಅವರೆಲ್ಲಾ ಬಾಯಿ ಮುಚ್ಚಿ ಕುಂತಾಗ, ಮ್ಯಾಗಿನ ತುದಿ ಮನಿ ಮ್ಯಾಲ ಎರಡು ಬೆರಳು ಇಟ್ಟು ಗೆಜ್ಜಿ ನಡುಗಿಸ್ತಾಳ ನೋಡ್ರಿ... ಹಾ!"

ಆ ಗೆಜ್ಜೆಯೇ ಅವನ ಪ್ರಾಣ. ನಿಧಾನದ ಭಾಗ ಮುಗಿಯುವಲ್ಲಿ, ಪಿಯಾನೋದ ಬಲತುದಿಯ ಮನೆಗಳಲ್ಲಿ, ಎಂದರೆ ಬೆರಳಿಟ್ಟು ಒತ್ತುವ ಪಟ್ಟಿಗಳಲ್ಲಿ, ಕೂಸಿನ ಕಾಲಂದುಗೆಯಷ್ಟು ಸಣ್ಣಗೆ ನಡುಗುವ ಸ್ವರ. ಟೇಪ್ ರೆಕಾರ್ಡರ್ ಕೆಟ್ಟು ಕ್ಯಾಸೆಟ್ಟು ಟ್ರಂಕಿನ ತಳ ಸೇರಿತು, ಹದಿನೈದು ವರ್ಷ ಅಲ್ಲೇ ಉಳಿಯಿತು. ಆದರೂ ಗೆಜ್ಜೆ ಅವನ ತಲೆಯೊಳಗೆ ಹಾಗೇ ಇತ್ತು.

ಇನ್ನು ಅವನ ಭಯದ ವಿಷಯ. ಗುಂಡಣ್ಣನ ಅಪ್ಪ ಭಜನೆಯ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದವನು, ಐವತ್ತೆಂಟಕ್ಕೆ ಪೂರಾ ಕಿವುಡಾದ. ಹಲಗೆ ವಾದ್ಯವನ್ನು ಕಿವಿಯ ಬುಡದಲ್ಲಿ ಬಡಿದರೂ ಮಿಕಿಮಿಕಿ ನೋಡುತ್ತಿದ್ದ. ಮೇಳದವರು ಬಿಟ್ಟರು, ಓಣಿಯವರು ಅಡ್ಡಹೆಸರಿಟ್ಟರು, ಮುದುಕ ಮಾತು ಬಿಟ್ಟು ಗೋಡೆ ನೋಡುತ್ತ ಸತ್ತ. ಅಂದಿನಿಂದ ಗುಂಡಣ್ಣ ಅಂಗಡಿ ತೆರೆದ ಕೂಡಲೇ ಪೇಟಿಯ ಎಡತುದಿಯ ದಪ್ಪ ಖರಜ ಸ್ವರ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಗುಂಯ್ ಎಂದು ತುಂಬಿ ಕೇಳಿಸಿದರೆ ಎದೆ ಹಗುರ. ಕಿವಿ ಹೋದರೆ ತಾನೂ ಹೋದಂತೆ ಎಂಬುದು ಅವನಿಗೆ ಗೊತ್ತಿತ್ತು. ಈ ಶ್ರಾವಣಕ್ಕೆ ಅವನಿಗೂ ಐವತ್ತೆಂಟು ತುಂಬಿತು. ಖರಜ ದಿನಾ ಕೇಳಿಸುತ್ತಿತ್ತು.

ಹೋದ ವರ್ಷ ಮಗಳು ಕಾವೇರಿ ಅವನಿಗೊಂದು ದೊಡ್ಡ ಫೋನು ಕೊಡಿಸಿ, ಅದರಲ್ಲಿ ಆ ಹೆಂಗಸನ್ನು ಹುಡುಕಿಕೊಟ್ಟಳು. ಎಂಬತ್ತು ದಾಟಿದ ಅಜ್ಜಿ, ಕರಿ ಸೀಟಿನ ಮೇಲೆ ಕೂತು ಅದೇ ಕಾನ್ಚೆರ್ಟೊ ಬಾರಿಸುತ್ತಿದ್ದಾಳೆ! ಗುಂಡಣ್ಣನ ಕಣ್ಣಲ್ಲಿ ನೀರು ಬಂತು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಕಿವಿಗೆ ವೈರು ಸಿಕ್ಕಿಸಿಕೊಂಡು ಅದನ್ನೇ ಕೇಳಿದ. ನಿಧಾನದ ಭಾಗ ಮುಗಿಯಬಂತು. ಎಂಬತ್ತು ಮಂದಿ ಸುಮ್ಮನಾದರು. ಅಜ್ಜಿಯ ಬೆರಳುಗಳು ಬಲತುದಿಗೆ ಹೋದವು, ನಡುಗಿದವು. ಸ್ವರ ಬರಲಿಲ್ಲ.

ಹಿಂದೆ ಸರಿಸಿ ನೋಡಿದ. ಬೆರಳು ಆಡುತ್ತದೆ, ಸ್ವರವಿಲ್ಲ. ಹತ್ತು ಸಲ ನೋಡಿದ. ಹತ್ತನೆಯ ಸಲಕ್ಕೆ ಅವನಿಗೆ ಮೈ ಜುಮ್ಮೆಂದಿತು. ಅಬ್ಬಾ, ಅಜ್ಜಿ ಗೆಜ್ಜೆಯನ್ನು ಬಿಟ್ಟುಬಿಟ್ಟಿದ್ದಾಳೆ! ಜೀವನವೆಲ್ಲ ಬಾರಿಸಿ ಈಗ ಸ್ವರದ ಹಂಗೂ ಬೇಡವೆಂದು ಮನೆಯನ್ನು ಬರೀ ಮುಟ್ಟಿ ಬಿಡುತ್ತಾಳೆ. ಇದಕ್ಕಿಂತ ದೊಡ್ಡ ವಿದ್ಯೆ ಯಾವುದಿದೆ? ರಾತ್ರಿ ಊಟಕ್ಕೆ ಕೂತಾಗ ಬಂಡೆಮ್ಮನ ಕಿವಿಗೂ ವೈರು ಸಿಕ್ಕಿಸಿದ.

ಆಕೆ ರೊಟ್ಟಿ ಹಿಡಿದುಕೊಂಡೇ ಕೇಳಿದಳು. "ಕಡೀಕ ಏನೋ ಟಿಣಿ ಟಿಣಿ ಅಂದಂಗಾತಲ್ರೀ?"

"ಅದು ವೈರಿನ ಸಪ್ಪಳ. ನಿಂಗೇನ್ ತಿಳೀತದ, ಹುಚ್ಚಿ!" ಎಂದು ಗುಂಡಣ್ಣ ನಕ್ಕ.

ಬಂಡೆಮ್ಮ ನಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆ ಅವನ ಹುಚ್ಚಿಗೆ ನಗದೆ ಮುಖವನ್ನೇ ನೋಡಿದಳು. ಒಲೆಯ ಮೇಲೆ ಕುಕ್ಕರು ಮೂರನೆಯ ಸೀಟಿ ಹಾಕಿತ್ತು, ಅವನು ತಿರುಗಿಯೂ ನೋಡಿರಲಿಲ್ಲ. ಆಕೆ ಎದ್ದು ಹೋಗಿ ಆರಿಸಿದಳು. ಆಮೇಲೆ ಅವನನ್ನು ಕರೆಯುವಾಗ ಭುಜ ಮುಟ್ಟಿ ಕರೆಯತೊಡಗಿದಳು. ಬಾಯಿಬಿಟ್ಟು ಹೇಳಲು ಮಾತ್ರ ಆಕೆಗೆ ಧೈರ್ಯ ಬರಲಿಲ್ಲ. ಮಾವನ ಕೊನೆಯ ದಿನಗಳಲ್ಲಿ ಅವರಿಗೆ ಉಣಿಸಿದ ಕೈ ಆಕೆಯದು.

ಈಚೆಗೆ ಗುಂಡಣ್ಣನ ಕೆಲಸ ಬಲು ಚುರುಕಾಗಿತ್ತು. ಪೇಟಿಯ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಒಂದೇ ಸ್ವರಕ್ಕೆ ಗಾಳಿಗೆ ನಡುಗಿ ನುಡಿಯುವ ಎರಡು ಹಿತ್ತಾಳೆಯ ನಾಲಿಗೆಗಳು, ರೀಡುಗಳು, ಇರುತ್ತವೆ. ಎರಡನ್ನೂ ಒಟ್ಟಿಗೆ ನುಡಿಸಿದರೆ, ಕೂಡದಿದ್ದಾಗ ನಡುವೆ ಅಲೆಯೊಂದು ವಂಯ್ ವಂಯ್ ಎನ್ನುತ್ತದೆ. ರೀಡನ್ನು ಕೂದಲೆಳೆಯಷ್ಟು ಕೆರೆಯಬೇಕು, ಕೇಳಬೇಕು, ಮತ್ತೆ ಕೆರೆಯಬೇಕು. ಅಲೆ ನಿಂತರೆ ಸ್ವರ ಕೂಡಿತು. ಮೇಲಿನ ಸಪ್ತಕಕ್ಕೆ ಮೊದಲೆಲ್ಲ ಅರ್ಧ ದಿನ ಹಿಡಿಯುತ್ತಿತ್ತು. ಈಗ ಎರಡು ಸಲ ಕೆರೆಯುವಷ್ಟರಲ್ಲಿ ಅಲೆ ನಿಂತುಬಿಡುತ್ತಿತ್ತು. ಕೈ ಪಳಗಿತು, ಅಜ್ಜಿಯ ಕೈಯಂತೆ ಆಯಿತು ಎಂದು ಅವನು ಬೀಗಿದ. ಮುಗಿದ ಮೇಲೆ ಅವರ ಕಸುಬಿನವರ ಪದ್ಧತಿಯಂತೆ ಪೇಟಿಯ ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಿಂದ ಹೆಸರು, ತಾರೀಖು ಬರೆಯುತ್ತಿದ್ದ. ಸ್ವರಕ್ಕೆ ನಾನು ಜವಾಬ್ದಾರ ಎಂದು ಅದರ ಅರ್ಥ.

ಒಬ್ಬೊಬ್ಬರೇ ಗಿರಾಕಿಗಳು ಬರುವುದು ನಿಂತಿತು. ಜೇವರ್ಗಿ ಕಾಲೋನಿಯ ಸಂಗೀತದ ಟ್ಯೂಷನ್ ಮೇಷ್ಟ್ರು ಎದುರಿಗೆ ಸಿಕ್ಕವರು ರಸ್ತೆ ದಾಟಿ ಹೋದರು. ಗುಂಡಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ಕೆಲಸ ಕಡಿಮೆಯಾದಷ್ಟೂ ಅಜ್ಜಿಯ ಜೊತೆ ಹೆಚ್ಚು ಹೊತ್ತು ಸಿಕ್ಕಿತು.

ಖೂಬಾ ಪ್ಲಾಟಿನ ಹರಿಪ್ರಿಯಾಬಾಯಿ ಅವನ ಇಪ್ಪತ್ತು ವರ್ಷದ ಗಿರಾಕಿ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಹೆಂಗಸರ ಭಜನಾ ಮಂಡಳಿ ನಡೆಸುವವರು. ಅವರ ಪೇಟಿಯನ್ನು ಆಷಾಢದಲ್ಲಿ ಕೂಡಿಸಿ ಕೊಟ್ಟಿದ್ದ. ಆಗಲೂ ಅಜ್ಜಿಯ ವಿಡಿಯೋ ತೋರಿಸಿ, "ಸ್ವರ ಬಿಟ್ಟಾಳ ನೋಡ್ರಿ ಬಾಯಾರ, ಖರೇ ಕಲಾವಿದಿ!" ಎಂದಿದ್ದ. ಆಕೆ ಫೋನನ್ನು ಬಹಳ ಹೊತ್ತು ಹಿಡಿದಿದ್ದು, "ಹೌದ್ರೀ ಗುಂಡಣ್ಣ" ಎಂದಷ್ಟೇ ಹೇಳಿ ಮರಳಿಸಿದ್ದರು.

ಗಣಪತಿ ಹಬ್ಬದ ಮುಂಚೆ ಅವರ ಮನೆಯ ಮುಂದೆ ಹೊರಟವನು, ಗಾಳಿ ಊದುವ ತಿದಿಯ ಬಟ್ಟೆ ಹರಿದಿದೆಯೇನೋ ನೋಡೋಣವೆಂದು ತಾನಾಗಿಯೇ ಒಳಗೆ ಹೋದ. ಹರಿಪ್ರಿಯಾಬಾಯಿ ಬೇಡ ಬೇಡವೆನ್ನುವಷ್ಟರಲ್ಲಿ ಪೇಟಿಯ ಮೇಲ್ಹಲಗೆ ಎತ್ತಿದ. ತನ್ನ ಹೆಸರು ಕಂಡಿತು. ಅದರ ಕೆಳಗೆ, ಎಂಟೇ ದಿನದ ಆಚೆಯ ತಾರೀಖು ಹಾಕಿ, ಇನ್ನೊಬ್ಬನ ಹೆಸರಿತ್ತು.

ಗುಂಡಣ್ಣ ಆ ಹೆಸರಿನ ಮೇಲೆ ಬೆರಳಿಟ್ಟ. "ನನ್ನ ಸ್ವರದಾಗ ಏನ್ ತಪ್ಪಿತ್ರೀ ಬಾಯಾರ? ಇಪ್ಪತ್ತು ವರ್ಷ ಆತು! ನನಗೊಂದು ಮಾತು ಹೇಳ್ಲಿಕ್ಕೆ ಆಗ್ತಿದ್ದಿಲ್ಲೇನು?"

"ಸಿಟ್ಟಾಗಬ್ಯಾಡ್ರೀ. ಮ್ಯಾಲಿನ ಸಪ್ತಕ..." ಎಂದು ಆಕೆ ತಡೆದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ನನ್ನ ಬಾಯಿಂದ ಹೇಳಿಸಬ್ಯಾಡ್ರೀ ಗುಂಡಣ್ಣ. ನಿಮ್ಮ ಹತ್ರ ಆ ಬಾಯಿದು ಹಳೀ ಕ್ಯಾಸೆಟ್ ಅದ ಅಂತಿದ್ರಲ್ಲ? ಅದನ್ನ ಒಮ್ಮಿ ಹಾಕಿಸಿ ಕೇಳ್ರಿ. ಅದರಾಗ ಗೆಜ್ಜಿ ಅದನೋ ಇಲ್ಲೋ ನೋಡ್ರಿ."

ಅದರಲ್ಲಿ ಇಲ್ಲದೆ ಎಲ್ಲಿ ಹೋದೀತು! ಮರುದಿನ ಟ್ರಂಕಿನ ತಳದಿಂದ ಕ್ಯಾಸೆಟ್ಟು ತೆಗೆದು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಹೊರಟ. ಬಂಡೆಮ್ಮ ಬಾಗಿಲಲ್ಲಿ ಭುಜ ಹಿಡಿದು ನಿಲ್ಲಿಸಿದಳು.

"ಇವತ್ತ ಹೋಗಬ್ಯಾಡ್ರೀ."

"ಯಾಕ?"

ಆಕೆ ಜೇಬಿನ ಕ್ಯಾಸೆಟ್ಟಿನ ಮೇಲೆ ಒಮ್ಮೆ ಕೈಯಿಟ್ಟು ಒಳಗೆ ಹೋದಳು. ಬಸ್ಸಿನಲ್ಲಿ ಅವನು ವೈರು ಹಾಕಿಕೊಳ್ಳಲಿಲ್ಲ. ಕಿಟಕಿಯಾಚೆ ಹೊಲದ ಮೇಲೆ ಹಕ್ಕಿಗಳ ಹಿಂಡು ಬಾಯಿ ತೆರೆದು ಹಾರುತ್ತಿತ್ತು. ಇವು ಯಾವಾಗ ಕೂಗುವುದನ್ನು ಬಿಟ್ಟವು ಎಂಬ ಒಂದು ಯೋಚನೆ ಸುಳಿದು ಹೋಯಿತು, ಅವನು ಅದನ್ನು ಹಿಡಿಯಲಿಲ್ಲ.

ರೇಡಿಯೋ ರಿಪೇರಿಯ ಝಹೀರ್ ಅವನ ಹಳೆಯ ದೋಸ್ತು, ಪಕ್ಕದ ಗಲ್ಲಿಯವನು. ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲಿ ಆ ಕ್ಯಾಸೆಟ್ಟನ್ನು ಗುಂಡಣ್ಣನ ಜೊತೆ ನೂರು ಸಲ ಕೇಳಿದವನು. "ಅರೇ ಭಾಯ್, ಇದು ಇನ್ನೂ ಜಿಂದಾ ಅದ?" ಎಂದು ಕ್ಯಾಸೆಟ್ಟನ್ನು ತಿರುವಿ ನೋಡಿ, ಧೂಳು ಊದಿ, ಒಂದು ಹಳೆಯ ಡೆಕ್ಕಿಗೆ ಹಾಕಿದ.

ಸಂಗೀತ ಬಂತು. ನಗಾರಿ ಬಂತು, ದಪ್ಪ ಪಿಟೀಲುಗಳು ಬಂದವು, ಬಾಯಿಯ ಎಡಗೈ ಬಂತು. ಎಲ್ಲ ಹಾಗೇ ಇತ್ತು. ಗುಂಡಣ್ಣನ ಎದೆ ಬಿಚ್ಚಿತು. ಹರಿಪ್ರಿಯಾಬಾಯಿಗೆ ಹೋಗಿ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದ. ನಿಧಾನದ ಭಾಗ ಇಳಿಯತೊಡಗಿತು. ಎಂಬತ್ತು ಮಂದಿ ಸುಮ್ಮನಾದರು. ಅವನು ಡೆಕ್ಕಿನ ಕಡೆ ಬಾಗಿ ಕಣ್ಣು ಮುಚ್ಚಿದ.

ಏನೂ ಬರಲಿಲ್ಲ.

ಕಾದ. ಟೇಪು ಸವೆದಿರಬೇಕು, ಹದಿನೈದು ವರ್ಷ ಟ್ರಂಕಿನಲ್ಲಿ ಬಿದ್ದದ್ದಲ್ಲವೇ! ಹಾಗೆಂದು ಹೇಳಲು ಬಾಯಿ ತೆರೆದು ಕಣ್ಣು ಬಿಟ್ಟ. ಝಹೀರನ ಕಣ್ಣು ಮುಚ್ಚಿದ್ದವು. ಅವನ ಬಲಗೈಯ ಎರಡು ಬೆರಳು ಮೇಜಿನ ಗಾಜಿನ ಮೇಲೆ ನಡುಗುತ್ತಿದ್ದವು, ಸಣ್ಣಗೆ, ಬಿಡದೆ, ಗುಂಡಣ್ಣನ ತಲೆಯೊಳಗಿನ ಗೆಜ್ಜೆಯ ಲಯಕ್ಕೆ ಸರಿಯಾಗಿ. ನಡುಗಿ ನಡುಗಿ, ನಿಲ್ಲಬೇಕಾದಲ್ಲಿ ನಿಂತವು.

"ಕ್ಯಾ ಬಾತ್ ಹೈ!" ಝಹೀರ್ ಕಣ್ಣೊರೆಸಿಕೊಂಡ. "ಹಂಗೇ ಅದ ನೋಡು ಗುಂಡಣ್ಣ, ಒಂದು ಗೆಜ್ಜಿನೂ ಉದುರಿಲ್ಲ. ಕೇಳಿದ್ಯಾ?"

ಗುಂಡಣ್ಣ ಅವನ ತುಟಿಯನ್ನೇ ನೋಡಿದ. ಅಪ್ಪ ಹೀಗೆಯೇ ತುಟಿ ನೋಡುತ್ತಿದ್ದ.

"ಕೇಳಿದೆ," ಎಂದ. "ಭಾಳ ಛಲೋ ಅದ."

ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ತನ್ನ ಅಂಗಡಿಗೆ ಬಂದ. ಕಮಲಾಪುರದ ಅವರ ಓಣಿಯ ಬುದ್ಧವಿಹಾರದ ಪೇಟಿ ತಯಾರಾಗಿ ಕೂತಿತ್ತು. ಭಾನುವಾರದ ವಂದನೆಗೆ ಅದರ ಮುಂದೆ ಕಾವೇರಿಯೇ ಹಾಡುವವಳು. ನಿನ್ನೆ ಒಂದೇ ತಾಸಿನಲ್ಲಿ ಕೂಡಿಸಿದ್ದ. ಖರಜ ಒತ್ತಿದ. ಗುಂಯ್ ಎಂದು ತುಂಬಿ ಕೇಳಿಸಿತು. ಒಂದೊಂದೇ ಮನೆ ಒತ್ತುತ್ತ ಬಲಕ್ಕೆ ಸರಿದ. ಹೋದಂತೆಲ್ಲ ಸ್ವರ ತೆಳುವಾಯಿತು, ತುದಿಯ ಮನೆಗಳ ಹೊತ್ತಿಗೆ ಗಾಳಿಯ ಉಸುರಷ್ಟೇ ಉಳಿಯಿತು. ಅಲ್ಲಿ ಅಲೆ ಇತ್ತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ.

ಮೇಲ್ಹಲಗೆ ಎತ್ತಿದ. ತನ್ನ ಹೆಸರಿನ ಮೇಲೆ ಹೆಬ್ಬೆರಳನ್ನು ಎಂಜಲು ಮಾಡಿ ಉಜ್ಜಿದ. ಪೆನ್ಸಿಲಿನ ಗುರುತು ಹಲಗೆಗೆ ಹರಡಿ ಕಪ್ಪಾಯಿತು. ಬಾಗಿಲಲ್ಲಿ ಯಾರೋ ಬಂದು ನಿಂತು ಕರೆಯುತ್ತಿದ್ದರು. ಅವನು ಉಜ್ಜುತ್ತಲೇ ಇದ್ದ.