ಮಂಗರವಳ್ಳಿ ಮತ್ತು ಪಕ್ಕದ ಮನೆಯ ಆಡು

ಆಳಂದ ತಾಲೂಕಿನ ನಮ್ಮೂರಲ್ಲಿ ಯಾರ ಎಲುಬು ಮುರಿದರೂ ನಮ್ಮ ಹಿತ್ತಲಿಗೇ ಬರುತ್ತಿದ್ದರು. ಬೇಲಿಯ ಮೇಲೆ ಅವ್ವ ಮಂಗರವಳ್ಳಿ ಹಬ್ಬಿಸಿದ್ದಳು. ನಾಲ್ಕು ಮೂಲೆಯ ಕಾಂಡ, ಗೆಣ್ಣು ಗೆಣ್ಣಾಗಿ ಬೆಳೆಯುವ ಬಳ್ಳಿ. ಒಂದು ಗೆಣ್ಣು ಮುರಿದು ನೆಟ್ಟರೆ ಸಾಕು, ನೀರು ಕೂಡ ಕೇಳುವುದಿಲ್ಲ. ಹಸಿಯದು ಮುಟ್ಟಿದರೆ ಮೈ ತುರಿಸುತ್ತದೆ. ಎಣ್ಣೆಯಲ್ಲಿ ಹುರಿದು, ಅರೆದು, ಮುರಿದ ಕಡೆ ಕಟ್ಟಬೇಕು. ಹುಣಸೆಹಣ್ಣು ಹಾಕಿ ಚಟ್ನಿಯನ್ನೂ ಮಾಡುತ್ತಿದ್ದೆವು.

ಊರಿಗೆಲ್ಲ ಬಳ್ಳಿ ಕೊಡುತ್ತಿದ್ದ ಅವ್ವನಿಗೆ ಒಂದು ನೇಮವಿತ್ತು. ಚಟ್ನಿಗಾದರೆ ಸರಿ, ಮದ್ದಿಗೆ ಮಾತ್ರ ನಮ್ಮ ಹಿತ್ತಲಿನದು ನಮಗೆ ಹತ್ತುವುದಿಲ್ಲ. ಬೇರೆಯವರ ಕೈಯಿಂದ ಸೆರಗಿಗೆ ಬೀಳಬೇಕು. ಎಲ್ಲಿಂದ ಬಂದ ನೇಮವೋ, ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ನಲವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ನಾನು ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು ಬಲ ಮುಂಗೈ ಮುರಿದುಕೊಂಡೆ. ಆಗ ನನಗೆ ಹದಿಮೂರು. ಕೈ ಊದಿ ಬದನೆಕಾಯಿಯಂತಾಯಿತು. ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು.

“ಈ ಕೈ ಸೊಟ್ಟಾದ್ರ ರೊಟ್ಟಿ ಹ್ಯಾಂಗ ಬಡೀತಿ? ರೊಟ್ಟಿ ಬಡಿಲಾಕ ಬರ್ಲಾರ್ದಾಕಿಗಿ ಯಾರು ಮಾಡ್ಕೋತಾರ?”

ಊರಲ್ಲಿ ಬೇರೆ ಯಾರ ಹಿತ್ತಲಲ್ಲೂ ಬಳ್ಳಿ ಇರಲಿಲ್ಲ, ಅವ್ವನ ತವರು ನಿಂಬರ್ಗಾದಲ್ಲಿ ಇತ್ತು. ಆದರೆ ರಜಾಕಾರರ ಗದ್ದಲದ ಆ ವರ್ಷ ಹೊರಗಿನ ದಾರಿಗೆ ಯಾರೂ ಗಾಡಿ ಹೂಡುತ್ತಿರಲಿಲ್ಲ. ಎರಡು ದಿನ ಹಾಗೇ ಹೋಯಿತು.

“ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದಿ ನಿನ್ನ ಸಲುವಾಗೇ ಹುಟ್ಯಾದ ನೋಡು. ಕೊಯ್ದು ಕಟ್ಟ್ ಬೇ,” ಎಂದು ಅಪ್ಪ ರೇಗಿದ. ಅವ್ವ ಜಗ್ಗಲಿಲ್ಲ.

ಪಕ್ಕದ ಮುಸಲ್ಮಾನರ ಮನೆಯಾಕೆಯನ್ನು ನಾನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಆಕೆಯ ಆಡು ಬಳ್ಳಿಯ ಚಿಗುರು ತಿಂದಿತೆಂದು ಅವ್ವ ಆಡಿಗೂ ಆಕೆಗೂ ಸೇರಿಸಿ ಬೈದಿದ್ದಳು. ಒಂದು ವರ್ಷದಿಂದ ಮಾತಿರಲಿಲ್ಲ. ನನ್ನ ನರಳಾಟ ಗೋಡೆಯಾಚೆ ಕೇಳಿರಬೇಕು. ಮೂರನೆಯ ದಿನ ಖಾಲಾ ನೇರ ನಮ್ಮ ಹಿತ್ತಲಿಗೆ ಬಂದು, ಬೊಗಸೆ ತುಂಬ ಬಳ್ಳಿ ಮುರಿದುಕೊಂಡು ತನ್ನ ಮನೆಗೆ ಹೋದಳು. ಅವ್ವ ಬಾಯಿ ತೆರೆಯುವಷ್ಟರಲ್ಲಿ ಅದೇ ಬಳ್ಳಿ ಹಿಡಿದು ನಮ್ಮ ಮುಂಬಾಗಿಲಲ್ಲಿ ನಿಂತಿದ್ದಳು.

“ನಮ್ಮ ಮನಿಯಿಂದ ತಂದೀನ್ರಿ ಅಕ್ಕಾ. ಸೆರಗ ಒಡ್ರಿ.”

ಅವ್ವ ಸೆರಗೊಡ್ಡಿದಳು. ಖಾಲಾ ನನ್ನನ್ನು ಅವುಚಿ ಹಿಡಿದಳು, ಅವ್ವ ಎಲುಬು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದಳು. ನಾನು ಇಬ್ಬರನ್ನೂ ಬಾಯಿಗೆ ಬಂದಂತೆ ಬೈದೆ.

ಕಟ್ಟು ಬಿಚ್ಚುವಾಗ ಭಾದ್ರಪದ ಮುಗಿಯುತ್ತಿತ್ತು. ಅಷ್ಟರಲ್ಲಿ ನಿಜಾಮರ ಆಳ್ವಿಕೆಯೂ ಮುಗಿದಿತ್ತು. ಮುಂಗೈ ನೆಟ್ಟಗೆ ಕೂಡಿತ್ತು. ನಾಲ್ಕು ದಿನ ಬಿಟ್ಟು ನಾನು ಬಡಿದ ಮೊದಲ ರೊಟ್ಟಿಗೆ ಅವ್ವ ಬೆಣ್ಣೆ ಸವರಿ, ಅರಿವೆಯಲ್ಲಿ ಸುತ್ತಿದಳು.

“ಮೊದಲನೇದು ಅಕಿಗಿ ಕೊಟ್ಟ್ ಬಾ.”

ಹೋದರೆ ಖಾಲಾನ ಬಾಗಿಲಿಗೆ ಬೀಗ. ಸರ್ಕಾರ ಬದಲಾದ ಮೇಲೆ ಅವರ ಜನರಿಗೆ ಊರಲ್ಲಿ ಹೆದರಿಕೆ ಶುರುವಾಗಿತ್ತು. ಬೆಳಗಾಗುವ ಮೊದಲೇ ಮನೆಮಂದಿಯೆಲ್ಲ ಹೊರಟುಹೋಗಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಅಂಗಳದಲ್ಲಿ ಆಡು ಕಟ್ಟಿದಲ್ಲೇ ಅರಚುತ್ತಿತ್ತು. ನಾನು ರೊಟ್ಟಿ ಹಿಡಿದುಕೊಂಡೇ ಅತ್ತೆ.

ಅವ್ವ ಬಂದು ಆಡನ್ನು ಬಿಚ್ಚಿಕೊಂಡು ನಮ್ಮ ಹಿತ್ತಲಿಗೆ ತಂದು, ಬೇಲಿಯ ಹತ್ತಿರ ಕಟ್ಟಿದಳು. ಅದು ಕತ್ತು ಚಾಚಿ ಮಂಗರವಳ್ಳಿಗೆ ಬಾಯಿ ಹಾಕಿತು. ನಾನು ಹೊಡೆದು ಓಡಿಸಲು ಹೋದೆ.

“ತಿನ್ಲಿ ಬಿಡು,” ಎಂದಳು ಅವ್ವ.